ಅಪ್‌ಡೇಟ್: ಟುಡು, ನೋಟ್ಸ್‌ಗೆ ಎಷ್ಟು ಆ್ಯಪ್ ಬೇಕು ಅಂತ ಕೇಳಿದ್ದೆನಲ್ಲ
ನೋಟ್ಸ್‌ಗೆ ನೋಷನ್ ಮತ್ತು ಗೂಗಲ್ ಕೀಪ್, ಮಾಡಬೇಕಾದ ಕೆಲಸಗಳ ಪಟ್ಟಿಗೆ (ಟುಡು) ಟುಡುಯಿಸ್ಟ್, ಜೊತೆಗೆ ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಳ್ಳುವ ಮೆಸೇಜುಗಳು. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಈಗ ಉಳಿದಿರುವುದು ಗೂಗಲ್ ಕ್ಯಾಲೆಂಡರ್ ಮತ್ತು ಒಂದು ಸಾದಾ ಟೆಕ್ಸ್ಟ್ ಫೈಲ್. 'ಮೊದಲು ತಾರೀಕು ಇರುವ ಕೆಲಸಗಳನ್ನು ಬೇರೆ ಮಾಡಿ' ಅಂತ ಒಬ್ಬರು ಹೇಳಿದ್ದರಲ್ಲ, ಅದೇ ಉಪಯೋಗಕ್ಕೆ ಬಂದದ್ದು. ಕರೆಂಟ್ ಬಿಲ್, ಗಾಡಿ ಇನ್ಶೂರೆನ್ಸ್, ಅಮ್ಮನ ಕಣ್ಣಿನ ಚೆಕಪ್ ಎಲ್ಲ ಕ್ಯಾಲೆಂಡರ್‌ಗೆ ಹೋದವು, ರಿಪೀಟ್ ಹಾಕಿ. ಮಿಕ್ಕಿದ್ದು ಫೈಲಿಗೆ, ಸಾಲಿಗೊಂದು ಕೆಲಸ, ಕೊನೆಯಲ್ಲಿ @ಅಂಗಡಿ, @ಫೋನ್ ಅಂತ ಒಂದು ಗುರುತು. 'ಮಿಕ್ಸಿ ಜಾರಿಗೆ ವಾಷರ್ @ಅಂಗಡಿ', ಹೀಗೆ. ಪೇಟೆಗೆ ಹೋದಾಗ @ಅಂಗಡಿ ಅಂತ ಸರ್ಚ್ ಮಾಡಿದರೆ ಸಾಕು, ಎಲ್ಲ ಸಿಗುತ್ತದೆ. ಇದು ನನ್ನ ಐಡಿಯಾ ಅಲ್ಲ, ಅಮೆರಿಕದ ಟೆಕ್ ಬ್ಲಾಗರ್ ಜಿನಾ ಟ್ರಪಾನಿ 2006ರಲ್ಲಿ ಶುರು ಮಾಡಿದ ಟುಡು-ಟಿಎಕ್ಸ್‌ಟಿ (todo.txt) ಪದ್ಧತಿ, ಅಂದರೆ ಕೆಲಸಗಳನ್ನೆಲ್ಲ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುವುದು.

ನೋಷನ್‌ನಿಂದ ಹೊರಬರುವುದು ಕಷ್ಟವೇನಲ್ಲ. ಎಕ್ಸ್‌ಪೋರ್ಟ್ ಕೊಟ್ಟರೆ ಪುಟಗಳು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಟೆಕ್ಸ್ಟ್ ಫೈಲ್) ಆಗಿ, ಟೇಬಲ್‌ಗಳು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಫೈಲ್) ಆಗಿ ಬರುತ್ತವೆ. ಅದರಲ್ಲಿ ತೆರೆದು ನೋಡುವಂಥದ್ದು ಜಾಸ್ತಿ ಇರಲಿಲ್ಲ ಅನ್ನುವುದು ಬೇರೆ ಮಾತು!

ಕೀಪ್ ಮಾತ್ರ ಪೂರ್ತಿ ಬಿಟ್ಟಿಲ್ಲ. ದಿನಸಿ ಲಿಸ್ಟ್‌ಗೆ ಮನೆಯವರೂ ಸೇರಿಸಬೇಕಲ್ವಾ, ಟೆಕ್ಸ್ಟ್ ಫೈಲ್ ಅಂದರೆ ಅವರು ನಗುತ್ತಾರೆ.