ಚಂಡೀಗಢದ ಸೆಕ್ಟರ್‌ನಲ್ಲಿ ಮನೆ ಹಿಡಿಯುವ ಮುನ್ನ

ಪ್ರಶ್ನೆ: ನಮಸ್ಕಾರ ಸರ್. ಬ್ಯಾಂಕ್ ಉದ್ಯೋಗಿಯಾದ ನನಗೆ ದಾವಣಗೆರೆಯಿಂದ ಚಂಡೀಗಢಕ್ಕೆ ವರ್ಗವಾಗಿದೆ. ಎಪ್ಪತ್ತು ದಾಟಿದ ಅತ್ತೆಯವರೂ ಐದನೆಯ ತರಗತಿಯಲ್ಲಿ ಓದುವ ಮಗಳೂ ಜೊತೆಗೆ ಬರುತ್ತಾರೆ. ಅಲ್ಲಿ ಮನೆ ವಿಳಾಸವೆಂದರೆ ಬರೀ ಸೆಕ್ಟರ್ ಮತ್ತು ಮನೆ ಸಂಖ್ಯೆ ಎಂದು ಕೇಳಿದ್ದೇನೆ. ಹಾಲು, ಸೊಪ್ಪು, ಔಷಧಿಗೆ ಅತ್ತೆಯವರು ಒಬ್ಬರೇ ನಡೆದು ಹೋಗಿಬರಲು ಆಗುತ್ತದೆಯೇ? ಮನೆ ಹುಡುಕುವಾಗ ಏನನ್ನು ಗಮನಿಸಬೇಕು?

ಉತ್ತರ (ನಗರ ಯೋಜಕರು): ನಮಸ್ಕಾರ ಮೇಡಂ. ತಾವು ಕೇಳಿದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಆ ಊರನ್ನು ಕಟ್ಟಿದ್ದಾರೆ. ದೇಶ ವಿಭಜನೆಯಲ್ಲಿ ಲಾಹೋರ್ ಕೈಬಿಟ್ಟಾಗ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್ ಸಿದ್ಧಪಡಿಸಿದ್ದ ಮೊದಲ ನಕ್ಷೆಯನ್ನು 1951ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ತಿದ್ದಿ ಬರೆದರು. ಅವರ ನಕ್ಷೆಯಲ್ಲಿ ಒಂದು ಸೆಕ್ಟರ್, ಅಂದರೆ ಬಡಾವಣೆಯಂಥ ಒಂದು ಭಾಗ, ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದ, ಅಂದರೆ ಹೆಚ್ಚುಕಡಿಮೆ 237 ಎಕರೆ. ವೇಗದ ವಾಹನಗಳ ರಸ್ತೆಗಳು ಸೆಕ್ಟರಿನ ಸುತ್ತ ಹಾದುಹೋಗುತ್ತವೆ. ಮನೆಗಳ ಬಾಗಿಲು ಆ ರಸ್ತೆಗಳಿಗೆ ತೆರೆಯುವುದಿಲ್ಲ, ವಾಹನಗಳು ಒಳಬರಲು ಕೆಲವೇ ಕಡೆ ದಾರಿಯಿದೆ. ಸೆಕ್ಟರಿನ ನಡುವೆ ಅಡ್ಡಲಾಗಿ ಅಂಗಡಿ ಬೀದಿಯೊಂದು ಸಾಗುತ್ತದೆ, ಅದಕ್ಕೆ ಅಡ್ಡವಾಗಿ ಉದ್ದಕ್ಕೂ ಹಸಿರು ಪಟ್ಟಿ ಹಬ್ಬಿರುತ್ತದೆ. ಶಾಲೆ ಮತ್ತು ಆಟದ ಬಯಲುಗಳಿಗೆ ಜಾಗವಿಟ್ಟಿರುವುದು ಈ ಪಟ್ಟಿಯಲ್ಲಿಯೇ.

ಆದ್ದರಿಂದ ಅಂಗಡಿ ಬೀದಿಗೂ ಹಸಿರು ಪಟ್ಟಿಗೂ ಹತ್ತಿರವಿರುವ ಮನೆಯನ್ನು ನೋಡಿ, ಬಾಡಿಗೆ ತುಸು ಹೆಚ್ಚಾದರೂ ಚಿಂತೆಯಿಲ್ಲ. ಮಗಳ ಶಾಲೆ ಅದೇ ಸೆಕ್ಟರಿನಲ್ಲಿದ್ದರೆ ಅವಳು ದೊಡ್ಡ ರಸ್ತೆಯನ್ನು ದಾಟದೆಯೇ ಶಾಲೆ ಸೇರಬಹುದು. ಪಕ್ಕದ ಸೆಕ್ಟರಿಗೆ ಹೋಗಬೇಕಾದರೆ ಮಾತು ಬೇರೆ, ಆ ರಸ್ತೆಗಳನ್ನು ದಾಟಲು ಹಿರಿಯರಿಗೆ ನಿಜವಾಗಿಯೂ ಕಷ್ಟವಾಗುತ್ತದೆ. ಉತ್ತರದ ಸೆಕ್ಟರುಗಳಲ್ಲಿ ದೊಡ್ಡ ನಿವೇಶನಗಳಿದ್ದು ಜನಸಂದಣಿ ಕಡಿಮೆ, ದಕ್ಷಿಣದತ್ತ ಮನೆಗಳು ಒತ್ತಾಗಿವೆ. ಅತ್ತೆಯವರಿಗೆ ನೆರೆಹೊರೆಯ ಮಾತುಕತೆ ಬೇಕೆನಿಸಿದರೆ ದಕ್ಷಿಣವೇ ಮೇಲೆಂದು ನನ್ನ ಅಭಿಪ್ರಾಯ. ಸಂಜೆ ವಿಹಾರಕ್ಕೆ 1958ರಲ್ಲಿ ಒಡ್ಡು ಕಟ್ಟಿ ನಿರ್ಮಿಸಿದ ಸುಖ್ನಾ ಕೆರೆಯಿದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಇಷ್ಟೊಂದು ಅಚ್ಚುಕಟ್ಟಾದ ಊರಿನಲ್ಲಿ ಮನೆಗೆಲಸದವರು, ತಳ್ಳುಗಾಡಿಯವರು ಎಲ್ಲಿ ವಾಸಿಸುತ್ತಾರೆ ಸರ್?

ಉತ್ತರ: ಈ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಸರ್ಕಾರಿ ನೌಕರರಿಗೆ ಅಲ್ಲಿ ಕಟ್ಟಿದ ಮನೆಗಳಲ್ಲಿ ಹದಿಮೂರು ದರ್ಜೆಗಳಿದ್ದವು. ಕಾರ್ಬೂಸಿಯೇ ಜೊತೆ ದುಡಿದ ವಾಸ್ತುಶಿಲ್ಪಿಗಳಾದ ಪಿಯರೆ ಜಾನ್ನರೆ, ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಅತ್ಯಂತ ಕೆಳದರ್ಜೆಯ ನೌಕರನ ಮನೆಗೂ ಎರಡು ಕೋಣೆ, ಅಡುಗೆಮನೆ, ಶೌಚಾಲಯಗಳನ್ನು ಒದಗಿಸಿದರು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಸರ್ಕಾರಿ ಕೆಲಸವಿಲ್ಲದವರಿಗೆ, ಊರನ್ನೇ ಕಟ್ಟಿದ ಕೂಲಿಕಾರರಿಗೆ ನಕ್ಷೆಯಲ್ಲಿ ಅಂಥ ಜಾಗ ಸಿಗಲಿಲ್ಲ. ಅವರು ತಾತ್ಕಾಲಿಕ ಕಾಲೊನಿಗಳಲ್ಲಿ ನೆಲೆನಿಂತರು. ಒಟ್ಟು 5 ಲಕ್ಷ ಜನರಿಗೆಂದು ಯೋಜಿಸಿದ ನಗರದಲ್ಲಿ 2011ರ ಜನಗಣತಿಯ ವೇಳೆಗೆ 9 ಲಕ್ಷ 60 ಸಾವಿರಕ್ಕೂ ಹೆಚ್ಚು ಜನರಿದ್ದರು. ಸೇವೆ ಮಾಡುವವರಿಗೆ ನಡೆದು ಬರುವಷ್ಟು ದೂರದಲ್ಲಿ ಮನೆಯಿಲ್ಲದ ಯೋಜನೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಪ್ರಶ್ನೆ (ಅದೇ ಸದಸ್ಯರು): ನಮ್ಮ ಊರಿನ ಹೊರಗೆ ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳುವವರು ಇದರಿಂದ ಏನು ತಿಳಿಯಬಹುದು?

ಉತ್ತರ: ಅನುಮೋದಿತ ನಕ್ಷೆಯನ್ನು ಕೇಳಿ ಪಡೆದು, ಉದ್ಯಾನ ಮತ್ತು ಸಿ.ಎ. ನಿವೇಶನಗಳು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗಗಳು) ಎಲ್ಲಿವೆ ಎಂದು ಮೊದಲು ನೋಡಿ. ಉಳಿದುಹೋದ ಮೂಲೆಯಲ್ಲೋ ಹೈಟೆನ್ಷನ್ ತಂತಿಯ ಕೆಳಗೋ ಅವು ಇದ್ದರೆ, ಮಕ್ಕಳೂ ಹಿರಿಯರೂ ಅವನ್ನು ಬಳಸುವುದು ಕಷ್ಟ. ನಂತರ ನೀವು ಕೊಳ್ಳಬೇಕೆಂದಿರುವ ನಿವೇಶನದಿಂದ ಅಂಗಡಿಗೂ ಬಸ್ ನಿಲ್ದಾಣಕ್ಕೂ ಒಮ್ಮೆ ನಡೆದು ನೋಡಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು, ಬಿಸಿಲಿರುವ ಹೊತ್ತಿನಲ್ಲೇ ಹೋಗಿ.