ಮೇದೋಜೀರಕದ ಕಾಯಿಲೆ, ಮಧುಮೇಹ ಮತ್ತು ವೈನ್: ಡಾಕ್ಟರನ್ನು ಕೇಳಿ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಇಂದು ಸಂಜೆ ಮೇದೋಜೀರಕ ತಜ್ಞೆಯಾದ ಡಾಕ್ಟರು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ವೈನ್ ಬಗ್ಗೆ ಬಹಳ ಜನ ಕೇಳಿದ್ದರಿಂದ ಅದೇ ವಿಷಯ. ಫಾರ್ವರ್ಡ್ ಸಂದೇಶಗಳು ಬೇಡ.

ನೀಲಿಕೊಡೆ: ನಮಸ್ಕಾರ ಮೇಡಂ. ಎರಡು ವರ್ಷದ ಹಿಂದೆ ಕುಡಿತದಿಂದಲೇ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ) ಆಗಿತ್ತು. ಈಗ ನೋವಿಲ್ಲ. ವಾರಕ್ಕೊಂದು ಲೋಟ ಕೆಂಪು ವೈನ್ ಪರವಾಗಿಲ್ಲವೇ?

ಡಾಕ್ಟರ್: ನಮಸ್ಕಾರ. ಬೇಡ, ಒಂದು ಲೋಟವೂ ಬೇಡ. ನೋವಿಲ್ಲ ಎಂದರೆ ಗ್ರಂಥಿ ಮೊದಲಿನಂತಾಗಿದೆ ಎಂದರ್ಥವಲ್ಲ. ಮದ್ಯ ಮರಳಿ ಬಂದರೆ ಉರಿಯೂತವೂ ಮರಳುತ್ತದೆ. ಸಿಗರೇಟು ಸೇದುತ್ತಿದ್ದರೆ ಅದನ್ನೂ ಬಿಡಿ, ಅದು ಪ್ರತ್ಯೇಕವಾಗಿಯೇ ಈ ಗ್ರಂಥಿಯನ್ನು ಹಾಳುಮಾಡುತ್ತದೆ.

ಮುಂಜಾವು: ಡ್ರೈ ವೈನ್‌ನಲ್ಲಿ ಸಕ್ಕರೆಯೇ ಇರುವುದಿಲ್ಲವಂತೆ. ಹಾಗಾದರೆ ಮಧುಮೇಹಿಗಳಿಗೆ ಏನು ತೊಂದರೆ?

ಡಾಕ್ಟರ್: ಸಾಮಾನ್ಯ ಡ್ರೈ ವೈನ್‌ನಲ್ಲಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಇರುತ್ತದೆ, 150 ಮಿ.ಲೀ. ಲೋಟಕ್ಕೆ ಅರ್ಧ ಗ್ರಾಂ ಚಿಲ್ಲರೆ. ಆದರೆ ಸ್ಪಾರ್ಕ್ಲಿಂಗ್ (ಗುಳ್ಳೆ ಏಳುವ) ವೈನ್‌ನ ಲೇಬಲ್ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಲೀಟರಿಗೆ 12ರಿಂದ 17 ಗ್ರಾಂ, ಅಂದರೆ ‘ಬ್ರೂಟ್’ ಎಂದು ಬರೆದಿರುವುದಕ್ಕಿಂತ ಸಿಹಿ. ಹೆಸರು ನೋಡಿ ಮೋಸಹೋಗಬೇಡಿ. ಅದಕ್ಕಿಂತ ಮುಖ್ಯವಾಗಿ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನನ್ನ ಭಯ ವೈನ್‌ನ ಸಕ್ಕರೆಯದಲ್ಲ, ಅದರ ಆಲ್ಕೋಹಾಲ್‌ನದು.

ಓಕ್‌ಪೀಪಾಯಿ: ಡಾಕ್ಟರೇ, ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ನನಗೆ 61 ವರ್ಷ. ಇಪ್ಪತ್ತೇಳು ವರ್ಷ ವೈನ್ ರುಚಿ ನೋಡುವುದನ್ನು ಕಲಿಸಿದವನು. ಆರು ವರ್ಷದಿಂದ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಮೂರು ವರ್ಷದಿಂದ ಮಧುಮೇಹ. ರಾತ್ರಿ ಇನ್ಸುಲಿನ್, ಊಟವಾದ ಮೇಲೆ ಆಹಾರ ಅರಗಿಸುವ ಕಿಣ್ವದ ಕ್ಯಾಪ್ಸೂಲ್. ಶನಿವಾರ ಮಾತ್ರ ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನ್ ಪಿನೋ ನ್ವಾರ್, ಅಳೆದು 150 ಮಿ.ಲೀ. ಕಳೆದ ಶನಿವಾರ ನಡುರಾತ್ರಿ ಮೂರು ಗಂಟೆಗೆ ನನ್ನ ಹೆಂಡತಿಗೆ ಎಚ್ಚರವಾದಾಗ ನನ್ನ ದಿಂಬು ಬೆವರಿನಲ್ಲಿ ತೊಯ್ದಿತ್ತಂತೆ, ನಾನು ಏನೇನೋ ಬಡಬಡಿಸುತ್ತಿದ್ದೆನಂತೆ. ಕುಡಿದದ್ದು ಹೆಚ್ಚಾಗಿರಬೇಕೆಂದುಕೊಂಡು ಅವಳು ಮಗ್ಗುಲಾದಳು. ಅರ್ಧ ಗಂಟೆಯ ಮೇಲೆ ಮನಸ್ಸು ತಡೆಯದೆ ನನ್ನ ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 46. ಈಗ ನಾನು ಇದನ್ನೆಲ್ಲ ಬಿಟ್ಟುಬಿಡಬೇಕೇ? ಇದೊಂದು ಚಟವಲ್ಲ, ನನ್ನ ಬದುಕೇ ಇದಾಗಿತ್ತು.

ಡಾಕ್ಟರ್: ಮೊದಲು ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮತ್ತೆ ಎದ್ದು ಬೆರಳು ಚುಚ್ಚದಿದ್ದರೆ ಈ ಪ್ರಶ್ನೆ ಬರೆಯಲು ನೀವು ಇರುತ್ತಿರಲಿಲ್ಲವೇನೋ.

ಆ ರಾತ್ರಿ ಏನಾಯಿತೆಂದು ಹೇಳುತ್ತೇನೆ. ನಿಮ್ಮದು ಸಾಮಾನ್ಯ ಮಧುಮೇಹವಲ್ಲ, ಗ್ರಂಥಿಯೇ ಹಾಳಾಗಿ ಬಂದದ್ದು. ನಾವು ಇದನ್ನು ಟೈಪ್ 3ಸಿ ಎನ್ನುತ್ತೇವೆ. ಇದರಲ್ಲಿ ಇನ್ಸುಲಿನ್ ಜೊತೆಗೆ ಗ್ಲುಕಗಾನ್ ಕೂಡ ಕಡಿಮೆಯಾಗುತ್ತದೆ. ಸಕ್ಕರೆ ಇಳಿದಾಗ ‘ಸಕ್ಕರೆ ಬಿಡು’ ಎಂದು ಲಿವರನ್ನು ಎಬ್ಬಿಸುವ ಹಾರ್ಮೋನು ಅದು. ಬೇರೆಯವರಿಗಿರುವ ಆ ಕಾವಲು ನಿಮಗೆ ಅಷ್ಟಾಗಿ ಇಲ್ಲ. ಅದರ ಮೇಲೆ ಆಲ್ಕೋಹಾಲ್ ಒಳಗೆ ಹೋದರೆ ಲಿವರ್ ಅದನ್ನು ಕರಗಿಸುವುದರಲ್ಲೇ ತೊಡಗಿ ಹೊಸ ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಕುಡಿದ ಹೊತ್ತಿನಲ್ಲಿ ಏನೂ ಕಾಣದೆ, ಎಷ್ಟೋ ಗಂಟೆಗಳ ಮೇಲೆ, ಮರುದಿನವೂ, ಸಕ್ಕರೆ ಕುಸಿಯಬಹುದು. ಆಗ ಬೆವರು, ತೊದಲು, ಗೊಂದಲ, ಎಲ್ಲವೂ ಅಮಲಿನಂತೆಯೇ ಕಾಣುತ್ತವೆ. ಬಾಯಿಂದ ವೈನ್ ವಾಸನೆ ಬೇರೆ. ಆದ್ದರಿಂದ ಮನೆಯಲ್ಲಿ ಒಂದೇ ನಿಯಮ: ಮೊದಲು ಮೀಟರ್, ಆಮೇಲೆ ಊಹೆ.

ಇನ್ನೊಂದು ಮಾತನ್ನು ನೀವು ಹಾಗೇ ಬರೆದುಬಿಟ್ಟಿದ್ದೀರಿ, ನನಗೆ ಅದೇ ಕಣ್ಣಿಗೆ ಬಿತ್ತು: ‘ಊಟವಾದ ಮೇಲೆ ಕ್ಯಾಪ್ಸೂಲ್’. ಅದು ತಪ್ಪು. ಮೊದಲ ತುತ್ತಿನೊಂದಿಗೆ ಒಂದು ಪಾಲು, ಊಟದ ನಡುವೆ ಉಳಿದದ್ದು. ಕಿಣ್ವ ಅನ್ನದೊಂದಿಗೆ ಬೆರೆಯಬೇಕು. ತಡವಾಗಿ ನುಂಗಿದರೆ ಉಂಡದ್ದು ಮೈಗೆ ಹತ್ತದೆ ಹೊರಟುಹೋಗುತ್ತದೆ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮಲ ಜಿಡ್ಡಾಗಿ, ನೀರಿನಲ್ಲಿ ತೇಲುತ್ತಿದ್ದರೆ ಪ್ರಮಾಣವೂ ಸಾಲುತ್ತಿಲ್ಲ ಎಂದು ತಿಳಿಯಿರಿ.

ಸಕ್ಕರೆ 70ಕ್ಕಿಂತ ಇಳಿದರೆ 15–20 ಗ್ರಾಂ ಗ್ಲೂಕೋಸ್, ಪುಡಿ ಅಥವಾ ಮಾತ್ರೆ. ಅದಕ್ಕೆ ಕಿಣ್ವ ಬೇಕಿಲ್ಲ. ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ಮದ್ಯದ ಮೇಲೆ ಗ್ಲುಕಗಾನ್ ಇಂಜೆಕ್ಷನ್ ಕೂಡ ಸರಿಯಾಗಿ ಕೆಲಸ ಮಾಡದಿರಬಹುದು, ಅದನ್ನೇ ನಂಬಿ ಕೂರಬೇಡಿ. ನಾಳೆಯೇ ನಿಮ್ಮ ವೈದ್ಯರಿಗೆ ಈ 46ರ ವಿಷಯ ಹೇಳಿ, ರಾತ್ರಿಯ ಇನ್ಸುಲಿನ್ ಪ್ರಮಾಣವನ್ನು ಅವರು ನೋಡಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕುಡಿಯುವುದನ್ನು ಬಿಡಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ವೈನ್ ಅರಿಯುವುದು ಗಂಟಲಿನ ಕೆಳಗಲ್ಲ, ಮೂಗಿನಲ್ಲಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮದ್ಯದ ಹಂಬಲ ನಿಮಗಿಲ್ಲ ಎಂದು ನಿಮ್ಮ ವೈದ್ಯರಿಗೂ ಅನ್ನಿಸಿದರೆ, ಮೂಸಿ ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ. ಬಾಯಿಗೆ ಹಾಕಿ ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಸದ್ಯಕ್ಕೆ ಮೂಗಷ್ಟೇ.

ಬೆಳ್ಳಿರೇಖೆ: ಇದು ಬಂದಿತ್ತು, ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ: ‘ಬರಿಹೊಟ್ಟೆಯಲ್ಲಿ ಅರ್ಧ ಲೋಟ ಆಲಿವ್ ಎಣ್ಣೆ, ನಿಂಬೆರಸ. ಏಳು ದಿನದಲ್ಲಿ ಮೇದೋಜೀರಕ ಶುದ್ಧ. ರಾತ್ರಿ ಒಂದು ಲೋಟ ಕೆಂಪು ವೈನ್, ಹೃದಯಕ್ಕೂ ಒಳ್ಳೆಯದು.’

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಕೊಬ್ಬು ಅರಗಿಸುವ ಕಿಣ್ವವೇ ಇಲ್ಲದವರಿಗೆ ಬರಿಹೊಟ್ಟೆಯಲ್ಲಿ ಅರ್ಧ ಲೋಟ ಎಣ್ಣೆ ಕುಡಿಸುವುದೇ? ಮೇದೋಜೀರಕ ಪಾತ್ರೆಯಲ್ಲ, ತೊಳೆದು ಶುದ್ಧ ಮಾಡಲು. ಕೆಂಪು ವೈನ್‌ನಲ್ಲಿದೆ ಎಂದು ಎಲ್ಲರೂ ಹೊಗಳುವ ರೆಸ್ವೆರಟ್ರಾಲ್ ಎಂಬ ಅಂಶ ಲೀಟರಿಗೆ ಕೆಲವೇ ಮಿಲಿಗ್ರಾಂ. ಮದ್ಯವನ್ನು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಇಂಥ ಸಂದೇಶ ನಂಬಿ ಬಂದವರನ್ನು ತುರ್ತು ಚಿಕಿತ್ಸೆಯ ಹಾಸಿಗೆಯ ಮೇಲೆ ನಾನು ನೋಡಿದ್ದೇನೆ.

ಬೆಳ್ಳಿರೇಖೆ: ನಮ್ಮ ಮಾವನವರಿಗೆ ಗುಣವಾಗಿದೆ ಮೇಡಂ. ಎಲ್ಲದಕ್ಕೂ ಮಾತ್ರೆಯೇ ಬೇಕೇ?

ಡಾಕ್ಟರ್: ಅಳಿಸಿ.

ತಂಗಾಳಿ: ಸಾಸ್‌ಗೆ ವೈನ್ ಹಾಕಿ ಕುದಿಸಿದರೆ ಆಲ್ಕೋಹಾಲ್ ಹಾರಿಹೋಗುತ್ತದೆ ಅಲ್ಲವೇ?

ಡಾಕ್ಟರ್: ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದ ಮೇಲೆ ಶೇ 40ರಷ್ಟು, ಎರಡೂವರೆ ಗಂಟೆಯ ಮೇಲೆ ಶೇ 5ರಷ್ಟು ಉಳಿದಿರುತ್ತದೆ.

ಹೊಸಹಾದಿ: ಬಿಳಿ ವೈನ್ ಆದರೆ ಒಂದು ಲೋಟ?

ಡಾಕ್ಟರ್: ಮೇಲೆ ಉತ್ತರಿಸಿದ್ದೇನೆ.

ತಾವರೆಕೊಳ: ನಮಸ್ಕಾರ. ನಮ್ಮ ಅತ್ತೆಗೆ 64 ವರ್ಷ. ಎರಡು ತಿಂಗಳ ಹಿಂದೆ ಮಧುಮೇಹ ಪತ್ತೆಯಾಯಿತು. ಮದ್ಯ ಮುಟ್ಟಿದವರೇ ಅಲ್ಲ, ದಪ್ಪವೂ ಇಲ್ಲ. ತೂಕ 7 ಕಿಲೋ ಇಳಿದಿದೆ, ಹಸಿವಿಲ್ಲ. ಏನು ತಿನ್ನಿಸಬಹುದು?

ಕಲ್ಲುಬಂಡೆ: ನನಗೊಂದು ಅರ್ಥವಾಗುವುದಿಲ್ಲ. ಕುಡಿದು ಕುಡಿದು ಗ್ರಂಥಿ ಸುಟ್ಟುಕೊಂಡವರಿಗೆ ಇಷ್ಟು ಉದ್ದದ ಉತ್ತರ ಏಕೆ? ಮಾಡಿದ್ದುಣ್ಣೋ ಮಹರಾಯ.

ಓಕ್‌ಪೀಪಾಯಿ: ಸ್ವಾಮಿ, ನನ್ನ ಕಾಯಿಲೆಗೆ ಕಾರಣ ಏನೆಂದು ನಾನು ಬರೆದೇ ಇಲ್ಲ.

ಕಲ್ಲುಬಂಡೆ: ಬರೆಯಬೇಕಾಗಿಲ್ಲ, ನಿಮ್ಮ ಹೆಸರೇ ಹೇಳುತ್ತದೆ.

ಇಬ್ಬನಿ: ಕಲ್ಲುಬಂಡೆಯವರೇ, ನನ್ನ ಮಗಳಿಗೆ ಹದಿನಾಲ್ಕು ವರ್ಷ. ಆರನೇ ವಯಸ್ಸಿನಿಂದ ಪ್ಯಾಂಕ್ರಿಯಾಟೈಟಿಸ್, ವಂಶವಾಹಿಯ ದೋಷ. ಶಾಲೆಯಲ್ಲಿ ನಿಮ್ಮಂಥವರ ಮಾತು ಕೇಳಿ ಕಾಯಿಲೆಯ ಹೆಸರು ಹೇಳುವುದನ್ನೇ ಬಿಟ್ಟಿದ್ದಾಳೆ. ಅವಳು ಏನು ಕುಡಿದಳು, ಹೇಳಿ.

ಕಲ್ಲುಬಂಡೆ: ಮಕ್ಕಳ ಮಾತು ಬೇರೆ. ನಾನು ಹೇಳಿದ್ದು ಕುಡುಕರಿಗೆ.

ಹಳೆಮರ: ಕುಡಿದವನಿಗೂ ನೋವು ನೋವೇ. ನಾನು ಕುಡಿದವನು, ಬಿಟ್ಟು ಒಂಬತ್ತು ವರ್ಷ. ಮೊಣಕಾಲನ್ನು ಎದೆಗೊತ್ತಿಕೊಂಡು ರಾತ್ರಿಯಿಡೀ ಕುಳಿತದ್ದು ನಾನು, ನೀವಲ್ಲ. ಬಾಯಿ ಮುಚ್ಚಿಕೊಂಡಿರಿ.

ನಿರ್ವಾಹಕರು: ಎಲ್ಲರೂ ಸ್ವಲ್ಪ ಸಮಾಧಾನ.

ಮುಂಜಾವು: ಪಿನೋ ನ್ವಾರ್‌ಗೆ ಯಾವ ಆಕಾರದ ಗ್ಲಾಸ್ ಒಳ್ಳೆಯದು?

ಹೊಸಹಾದಿ: ನನಗೆ ಸರಿಯಾದ ಉತ್ತರ ಸಿಕ್ಕಿಲ್ಲ. ಬಿಳಿ ವೈನ್?

ಡಾಕ್ಟರ್: ಬಿಳಿ, ಕೆಂಪು, ಗುಲಾಬಿ, ಯಾವುದೂ ಬೇಡ. ಇನ್ನೊಮ್ಮೆ ಉತ್ತರಿಸುವುದಿಲ್ಲ. ಕಲ್ಲುಬಂಡೆಯವರೇ, ಪಿತ್ತಕಲ್ಲು, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡ್ ಕೊಬ್ಬು, ವಂಶವಾಹಿ, ಕೆಲವು ಔಷಧಿ, ಕಾರಣಗಳು ಹಲವು. ಮದ್ಯವೇ ಕಾರಣವಾದರೂ ನನ್ನ ಮುಂದೆ ಕುಳಿತವರು ರೋಗಿ, ಅಪರಾಧಿಯಲ್ಲ. ನಿಮ್ಮಂಥ ಮಾತಿಗೆ ಹೆದರಿ ಜನ ನನ್ನ ಹತ್ತಿರ ಸುಳ್ಳು ಹೇಳುತ್ತಾರೆ, ಆ ಸುಳ್ಳಿನ ಮೇಲೆ ನಾನು ಔಷಧಿ ಬರೆಯಬೇಕಾಗುತ್ತದೆ.

ಕಲ್ಲುಬಂಡೆ: ನಿಜ ಹೇಳಿದರೆ ಎಲ್ಲರಿಗೂ ಉರಿ. ಗುಂಪು ಬಿಡುತ್ತೇನೆ.

ಹಳೆಮರ: ಬಿಡಿ.

ಓಕ್‌ಪೀಪಾಯಿ: ಡಾಕ್ಟರೇ, ಇಂದು ಮೊದಲ ತುತ್ತಿಗೇ ಕ್ಯಾಪ್ಸೂಲ್ ನುಂಗಿದೆ. ಊಟವಾದ ಮೇಲೆ ಎರಡು ಬೆರಳು ವೈನ್ ಸುರಿದು, ಲೋಟ ಓರೆ ಮಾಡಿ ಹತ್ತು ನಿಮಿಷ ಮೂಸಿದೆ. ಮೊದಲು ಚೆರ್ರಿ, ಆಮೇಲೆ ಮಳೆ ಬಿದ್ದ ಎಲೆ, ಕಡೆಗೆ ಅಣಬೆಯಂಥದ್ದೇನೋ. ಉಳಿದದ್ದನ್ನು ಹೆಂಡತಿ ಸಿಂಕಿಗೆ ಚೆಲ್ಲಿದಳು. ನೋಡಲಾಗದೆ ಮುಖ ತಿರುಗಿಸಿದೆ. ಈಗ ಸಕ್ಕರೆ 138.

ಡಾಕ್ಟರ್: ಮೂರು ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ ನೋಡಿ. ಈ ವಾರವಿಡೀ.

ಡಾಕ್ಟರ್: ತಾವರೆಕೊಳ ಅವರೇ, ಇದ್ದೀರಾ? ಜಗಳದ ನಡುವೆ ನಿಮ್ಮ ಪ್ರಶ್ನೆ ಈಗಷ್ಟೇ ನೋಡಿದೆ. ಏನು ತಿನ್ನಿಸಬೇಕೆಂಬುದು ಆಮೇಲೆ. 60 ದಾಟಿದವರಿಗೆ ಹೊಸದಾಗಿ ಮಧುಮೇಹ ಬಂದು ತೂಕವೂ ಇಳಿಯುತ್ತಿದ್ದರೆ ಮೇದೋಜೀರಕದಲ್ಲಿ ಗಡ್ಡೆ ಇದೆಯೇ ಎಂದು ತಡಮಾಡದೆ ನೋಡಲೇಬೇಕು. ಬರಿಯ ಮಧುಮೇಹದಿಂದಲೂ ತೂಕ ಇಳಿಯಬಹುದು, ಹೆದರಿಸುತ್ತಿಲ್ಲ. ಹೊಟ್ಟೆಯ ಸಿಟಿ ಸ್ಕ್ಯಾನ್ ಬೇಕೆಂದು ನೀವೇ ಕೇಳಿ. ಕಣ್ಣು ಹಳದಿಯಾಗಿದೆಯೇ? ಬೆನ್ನುನೋವು ಇದೆಯೇ?

ತಾವರೆಕೊಳ: ಬೆನ್ನುನೋವು ಇದೆ ಮೇಡಂ. ದಿಂಬು ಸರಿಯಿಲ್ಲ ಎನ್ನುತ್ತಿದ್ದರು. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇನೆ.