ಮಕ್ಕಳೇ ಮಕ್ಕಳಿಗೆ "ಈ ಪುಸ್ತಕ ಓದು" ಅನ್ನುವ ಹಾಗೆ ಮಾಡುವುದು ಹೇಗೆ?

ಚಿತ್ತಾಪುರ ಟೀಚರ್:

ಎಲ್ಲರಿಗೂ ನಮಸ್ಕಾರ. ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಾಡಿ ಜಂಕ್ಷನ್‌ಗೆ ಹತ್ತಿರದ ಊರು. ಶಾಲೆಯಲ್ಲಿ ಫರಸಿ ಕಲ್ಲಿನ ಎರಡು ಹಲಗೆ ತುಂಬ ಪುಸ್ತಕ ಇವೆ, ಎಣಿಸಿದರೆ 300 ದಾಟುತ್ತವೆ. ಬೀಗ ಹಾಕುವುದಿಲ್ಲ. ಆದರೂ ಮಕ್ಕಳು ಒಯ್ದು ಮರುದಿನ ಹಾಗೇ ತಂದಿಡುತ್ತಾರೆ. ಓದಿಲ್ಲ ಅಂತ ಹಾಳೆ ನೋಡಿದರೇ ಗೊತ್ತಾಗುತ್ತದೆ.

ಕಳೆದ ತಿಂಗಳು ಒಂದು ಸಂಗತಿ ಆಯಿತು. ಮಧ್ಯಾಹ್ನ ಊಟ ಮುಗಿಸಿ ಬೇವಿನ ಗಿಡದ ಕೆಳಗೆ ಇಬ್ಬರು ಹುಡುಗಿಯರು ಕುಳಿತಿದ್ದರು. ಐದನೇ ಕ್ಲಾಸಿನವಳು ನಾಲ್ಕನೇ ಕ್ಲಾಸಿನವಳಿಗೆ ಹೇಳುತ್ತಿದ್ದಳು: "ರೈಲಿನ ಡಬ್ಬಿಯೊಳಗೇ ಸಾಲಿ ಅದ ನೋಡು. ಖರೇ ರೈಲು, ಆದ್ರ ಹೋಗಂಗಿಲ್ಲ. ಯಾವ ವಿಷಯ ಮೊದಲ ಓದಬೇಕಂತ ಹುಡುಗರೇ ಹೇಳ್ತಾರ." ಕೇಳುತ್ತಿದ್ದವಳು ಕೈ ತೊಳೆದವಳೇ ಸೀದಾ ನನ್ನ ಹತ್ತಿರ ಬಂದು "ಟೀಚರ್, ಆ ರೈಲಿನ ಪುಸ್ತಕ ಕೊಡ್ರಿ" ಅಂದಳು.

ಅದು 'ತೊತ್ತೋ-ಚಾನ್'. ಅದನ್ನು ನಾನೇ ಆ ಮಕ್ಕಳಿಗೆ ಮೂರು ಸಲ ಪರಿಚಯ ಮಾಡಿಸಿದ್ದೆ. ಬರೆದವರು ತೆತ್ಸುಕೋ ಕುರೋಯಾನಗಿ, ಜಪಾನಿನವರು, 1981ರಲ್ಲಿ ಬಂದ ಪುಸ್ತಕ, ಟೋಕಿಯೋದಲ್ಲಿ ನಿಜವಾಗಿ ಇದ್ದ ಶಾಲೆಯ ಕತೆ ಅಂತೆಲ್ಲ. ಒಬ್ಬರೂ ಮುಟ್ಟಿರಲಿಲ್ಲ. ದಿನವಿಡೀ ರೈಲಿನ ಸದ್ದು ಕೇಳುತ್ತಾ ಬೆಳೆದ ಮಕ್ಕಳಿಗೆ ಮೊದಲು ಹೇಳಬೇಕಾಗಿದ್ದು ಡಬ್ಬಿಯ ವಿಷಯ ಅಂತ ನನಗೆ ಹೊಳೆಯಲಿಲ್ಲ, ಆ ಹುಡುಗಿಗೆ ಹೊಳೆಯಿತು.

ಇದು ಎಲ್ಲರಿಂದಲೂ ಆಗಲಿ ಅಂತ "ನನಗೆ ಇಷ್ಟವಾದ ಪುಸ್ತಕ" ಅಂತ ಬರೆದು ತರಲು ಹೇಳಿದೆ. 28 ನೋಟ್‌ಬುಕ್ ಬಂದವು. ಬಹುತೇಕ ಎಲ್ಲದರಲ್ಲೂ ಅದೇ ಮಾತು: ಈ ಪುಸ್ತಕ ನನಗೆ ತುಂಬಾ ಇಷ್ಟ, ಇದರಲ್ಲಿ ಒಳ್ಳೆಯ ನೀತಿ ಇದೆ, ಎಲ್ಲರೂ ಓದಬೇಕು. ಗಿಡದ ಕೆಳಗೆ ಅಷ್ಟು ಚೆನ್ನಾಗಿ ಹೇಳಿದ ಹುಡುಗಿ ಕೂಡ ಇದನ್ನೇ ಬರೆದಿದ್ದಳು!

ಆ ಬೇವಿನ ಗಿಡದ ಮಾತನ್ನು ಕ್ಲಾಸಿನೊಳಗೆ ತರುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕಲಬುರಗಿ ಅಮ್ಮ:

ಟೀಚರ್, ನಾನು ಶಾಲೆಯವಳಲ್ಲ, ಆದರೆ ನಮ್ಮ ಓಣಿಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಇಲ್ಲಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆ ಆದರೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಸಂಜೆ ಐದರವರೆಗೂ ಮನೆಯೊಳಗೇ. ಹೋದ ವರ್ಷ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಸ್ವಲ್ಪ ತಂಪಿರುವ ಜಾಗದಲ್ಲಿ ಒಂದು ಚಾಪೆ ಹಾಸಿ ಇಪ್ಪತ್ತು ಪುಸ್ತಕ ಇಟ್ಟೆ. ಅಕ್ಕಪಕ್ಕದ ಆರೇಳು ಮಕ್ಕಳು ಬರತೊಡಗಿದರು. ನಾನೂ ಮೊದಲು "ನಿನಗೆ ಯಾವುದು ಇಷ್ಟ, ಯಾಕೆ ಇಷ್ಟ" ಅಂತ ಕೇಳುತ್ತಿದ್ದೆ. ಅದಕ್ಕೆ ಮಕ್ಕಳ ಹತ್ತಿರ ಉತ್ತರವೇ ಇರುವುದಿಲ್ಲ. ಯಾಕೆ ಇಷ್ಟ ಅಂತ ಕೇಳಿದ ಕೂಡಲೇ ಪರೀಕ್ಷೆ ಶುರುವಾಯಿತು ಅಂದುಕೊಳ್ಳುತ್ತಾರೆ.

ಒಂದು ದಿನ ಸುಮ್ನೆ ಬೇರೆ ಥರ ಕೇಳಿದೆ. "ಇದನ್ನು ಯಾರಿಗೆ ಕೊಡುತ್ತೀ?" ಅಂತ. ನನ್ನ ಮಗ ಸ್ವಲ್ಪ ಹೊತ್ತು ಯೋಚಿಸಿ ಎದುರು ಮನೆ ಹುಡುಗನ ಹೆಸರು ಹೇಳಿದ. ಯಾಕಪ್ಪಾ ಅಂದರೆ, "ಅವಂಗ ನಾಯಿ ಅಂದ್ರ ಅಂಜಿಕಿ. ಇದರಾಗಿನ ಹುಡುಗಗೂ ಅಂಜಿಕಿ ಇರ್ತದ, ಆಮ್ಯಾಲ ಹೋಗ್ತದ" ಅಂದ. ನೋಡಿ, ಪುಸ್ತಕದ ತಿರುಳು ಪೂರ್ತಿ ಬಂತು, ಯಾಕೆ ಇಷ್ಟ ಅಂತ ಕೇಳದೆಯೇ!

ನಿಮ್ಮ 28 ಮಕ್ಕಳು "ಎಲ್ಲರೂ ಓದಬೇಕು" ಅಂತ ಬರೆದಿದ್ದಾರೆ ಅಲ್ವಾ, ಅಲ್ಲೇ ತೊಂದರೆ ಇದೆ ಅಂತ ನನಗನಿಸುತ್ತದೆ. ಎಲ್ಲರಿಗೂ ಹೇಳುವ ಮಾತು ಯಾರಿಗೂ ತಾಗುವುದಿಲ್ಲ. ಗಿಡದ ಕೆಳಗಿನ ಹುಡುಗಿ ತನ್ನ ಒಬ್ಬಳು ಗೆಳತಿಗೆ ಹೇಳುತ್ತಿದ್ದಳು. ಇನ್ನೊಂದು ಮಾತು, ಅವರು ಹೇಳಿಕೊಳ್ಳುವಾಗ ನೀವು ಪಕ್ಕದಲ್ಲಿ ಕೂರಬೇಡಿ. ನಾನು ಅಡುಗೆಮನೆಗೆ ಹೋದಾಗಲೇ ಅವರ ಮಾತು ಜಾಸ್ತಿ ಆಗುತ್ತಿತ್ತು.

ಅರಿವು ಕೇಂದ್ರ, ಯಾದಗಿರಿ ಜಿಲ್ಲೆ:

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅರಿವು ಕೇಂದ್ರ ಅನ್ನುತ್ತೇವೆ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಎರಡು ಇದೇ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. "ಯಾರಿಗೆ ಕೊಡುತ್ತೀ" ಅನ್ನುವುದು ಅದೇ ಮಾತು.

ನಮ್ಮಲ್ಲಿ ನಡೆಯುವ ಕ್ರಮ ಹೀಗಿದೆ. ಪುಸ್ತಕದ ಹಿಂದಿನ ರಟ್ಟಿನ ಒಳಗೆ ಹಳೆಯ ಲಗ್ನಪತ್ರಿಕೆಯ ಲಕೋಟೆ ಅಂಟಿಸಿದ್ದೇವೆ. ಓದಿದ ಮಗು ಒಂದು ಚೀಟಿ ಬರೆದು ಅದರಲ್ಲಿ ಹಾಕಬೇಕು. ಮುಂದೆ ಪುಸ್ತಕ ಒಯ್ಯುವ ಮಗುವಿಗಷ್ಟೇ ಆ ಚೀಟಿ. ನಾನು ತಿದ್ದುವುದಿಲ್ಲ. ಕಾಗುಣಿತ ತಪ್ಪಿದ್ದರೂ ತಿದ್ದುವುದಿಲ್ಲ, "ಅದ" ಅಂತ ಬರೆದರೆ "ಇದೆ" ಮಾಡುವುದಿಲ್ಲ. ಟೀಚರ್, ಇದು ನಿಮಗೆ ಕಷ್ಟ ಆಗಬಹುದು, ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ಆದರೆ ಒಂದು ಸಲ ತಿದ್ದಿದರೆ ಮುಂದಿನ ಚೀಟಿ "ಈ ಪುಸ್ತಕ ನನಗೆ ತುಂಬಾ ಇಷ್ಟ" ಅಂತಲೇ ಬರುತ್ತದೆ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಪುಸ್ತಕದಲ್ಲಿರುವ ಒಂದು ಚೀಟಿ ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ: "ಇಲಿ ಬರೋ ಹಾಡು ಅದ. ಜೋರಾಗಿ ಓದು. ಮನಸಿನ್ಯಾಗ ಓದಿದ್ರ ಮಜಾ ಬರಂಗಿಲ್ಲ. ಕುಂಟ ಹುಡುಗ ಒಬ್ಬನೇ ಉಳಿತಾನ, ನನಗ ಅಳು ಬಂತು." ಬರೆದವನು ಆರನೇ ಕ್ಲಾಸು. ಅವರ ಮನೆಯಲ್ಲಿ ತೊಗರಿ ಚೀಲ ಇಟ್ಟ ಕೋಣೆಯಲ್ಲಿ ಇಲಿ ಕಾಟ. ಆ ಚೀಟಿ ಓದಿದ ಮೂವರು ಹುಡುಗರು ನಮ್ಮ ಕಟ್ಟೆಯ ಮೇಲೆ ಕುಳಿತು ಒಂದೇ ಪುಸ್ತಕವನ್ನು ಊರಿಗೆಲ್ಲ ಕೇಳುವ ಹಾಗೆ ಓದಿದರು. ಮೂಲ ಬ್ರೌನಿಂಗ್ ಬರೆದ ಇಂಗ್ಲಿಷ್ ಪದ್ಯ ಅಂತ ಓದಿ ಮುಗಿದ ಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಪಾಠ ಆಗಿಬಿಡುತ್ತಿತ್ತು.

ಚೆನ್ನಾಗಿಲ್ಲ ಅಂತ ಬರೆಯಲೂ ಬಿಡಿ. "ಚಿತ್ರ ಛಲೋ ಅದಾವ, ಕತಿ ಏನೂ ಇಲ್ಲ" ಅಂತ ಒಬ್ಬಳು ಬರೆದಳು. ಅವಳು ಆಮೇಲೆ ಚೆನ್ನಾಗಿದೆ ಅಂದ ಪುಸ್ತಕಕ್ಕೆ ಎಲ್ಲರೂ ಮುಗಿಬಿದ್ದರು.

ಇನ್ನೊಂದು ಹೇಳಲೇಬೇಕು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ತಾಂಡಾದ ಒಬ್ಬಳು ಹುಡುಗಿ ಹೊರಡುವ ಹಿಂದಿನ ದಿನ ಬಂದು ಒಂದು ಪುಸ್ತಕ ಕೇಳಿದಳು. ವಾಪಸ್ ಬರುತ್ತದೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು, ಆದರೂ ಕೊಟ್ಟೆ. ಜೂನ್‌ನಲ್ಲಿ ತಂದಳು. ರಟ್ಟಿನ ಮೇಲೆ ಸಿಮೆಂಟಿನ ಬೆರಳಚ್ಚು, ನಡುವೆ ಎರಡು ಹಾಳೆ ಮಳೆಗೆ ನೆಂದು ಉಬ್ಬಿವೆ. ಲಕೋಟೆಯಲ್ಲಿ ಒಂದಲ್ಲ, ಐದು ಚೀಟಿ. ಕಟ್ಟಡದ ಕೆಲಸದ ಜಾಗದಲ್ಲಿ ಇದ್ದ ಬೇರೆ ಮಕ್ಕಳಿಗೆ ಓದಿ ಹೇಳಿ ಅವರಿಂದಲೂ ಬರೆಸಿಕೊಂಡು ಬಂದಿದ್ದಳು. ಎರಡು ಚೀಟಿ ತೆಲುಗಿನಲ್ಲಿವೆ.

6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಸದಸ್ಯತ್ವ ಉಚಿತ. ನಿಮ್ಮ ಊರಿನದಕ್ಕೂ ಮಕ್ಕಳನ್ನು ಕಳಿಸಿ, ಚೀಟಿ ಅಲ್ಲಿಗೂ ಹೋಗಲಿ.

ಬೀದರ ಮಾಸ್ತರ:

ಚೀಟಿಯ ಕ್ರಮ ತುಂಬಾ ಹಿಡಿಸಿತು. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರು ಇದೆ, ಎಲ್ಲ ಮಕ್ಕಳೂ ಬರೆಯಲಾರರು. ನಮ್ಮದು ಔರಾದ ಕಡೆಯ ಗಡಿ ಊರು. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು, ಉರ್ದು ಮಾತಾಡುವ ಮಕ್ಕಳು, ಲಂಬಾಣಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಕನ್ನಡದಲ್ಲೇ ಹೇಳಬೇಕು ಅಂದರೆ ಅರ್ಧ ಕ್ಲಾಸು ಬಾಯಿ ಮುಚ್ಚಿಕೊಳ್ಳುತ್ತದೆ. ಪುಸ್ತಕ ಕನ್ನಡದ್ದು ಇರಲಿ, ಹೇಳುವುದು ಯಾವ ಮಾತಿನಲ್ಲಾದರೂ ಇರಲಿ ಅಂತ ಬಿಟ್ಟಿದ್ದೇನೆ. ಒಬ್ಬ ಹುಡುಗ ಪೂರ್ತಿ ಕತೆ ಮರಾಠಿಯಲ್ಲಿ ಹೇಳಿದ, ಕೇಳಿದವನು ಆ ಪುಸ್ತಕವನ್ನು ಕನ್ನಡದಲ್ಲಿ ಓದಿದ. ಕತೆ ಮೊದಲೇ ಗೊತ್ತಿದ್ದುದರಿಂದ ಅವನಿಗೆ ಕನ್ನಡ ಹಗುರ ಆಯಿತು.

ಪುಸ್ತಕ ಕಡಿಮೆ ಇದ್ದವರಿಗೆ: ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅಂತ ಜಾಲತಾಣ ಇದೆ. ಕನ್ನಡ, ಮರಾಠಿ, ಉರ್ದು ಎಲ್ಲದರಲ್ಲೂ ಮಕ್ಕಳ ಕತೆ ಇವೆ, ಓದಲು ದುಡ್ಡಿಲ್ಲ, ಮುದ್ರಿಸಿಕೊಳ್ಳಲೂ ಬಹುದು. ಒಂದೇ ಕತೆಯನ್ನು ಎರಡು ಭಾಷೆಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ ಮಕ್ಕಳೇ ಹೊಂದಿಸಿ ಓದುತ್ತಾರೆ.

ಬಹುಮಾನ ಮಾತ್ರ ಇಡಬೇಡಿ, ಕೈ ಮುಗಿದು ಕೇಳುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಶಾಲೆಯಲ್ಲಿ ಜಾಸ್ತಿ ಪುಸ್ತಕ ಓದಿದವರಿಗೆ ಕಂಪಾಸ್ ಬಾಕ್ಸ್ ಅಂತ ಇಟ್ಟರು. ಎರಡೇ ವಾರದಲ್ಲಿ ಮಕ್ಕಳು ತೆಳ್ಳನೆಯ ಪುಸ್ತಕ ಹುಡುಕತೊಡಗಿದರು. ನಿಧಾನವಾಗಿ ಒಂದೇ ಪುಸ್ತಕವನ್ನು ಮೂರು ಸಲ ಓದುತ್ತಿದ್ದ ಒಬ್ಬಳು ಹುಡುಗಿ ಪಟ್ಟಿಯಲ್ಲಿ ಕೊನೆಗೆ ಬಂದಳು, ಆಮೇಲೆ ಗ್ರಂಥಾಲಯಕ್ಕೇ ಬರಲಿಲ್ಲ. ಅವಳ ಮುಖ ನನಗೆ ಇನ್ನೂ ನೆನಪಿದೆ.

ಸೇಡಂ ಹುಡುಗ:

ನಾನು ಒಂಬತ್ತನೇ ಕ್ಲಾಸು. ಅಪ್ಪನ ಫೋನಿನಲ್ಲಿ ಬರೆಯುತ್ತಿದ್ದೇನೆ, ಅಪ್ಪ ಪಕ್ಕದಲ್ಲೇ ಇದ್ದಾರೆ.

ಟೀಚರ್, ನಾವು ಪುಸ್ತಕ ಹೇಳುವಾಗ ಪೂರ್ತಿ ಕತೆ ಹೇಳುವುದಿಲ್ಲ. ಪೂರ್ತಿ ಹೇಳಿದರೆ ಯಾರು ಓದುತ್ತಾರೆ? ಒಳ್ಳೆಯ ಜಾಗಕ್ಕೆ ಬಂದು ನಿಲ್ಲಿಸುತ್ತೇವೆ. ಶಾಲೆಯಲ್ಲಿ ಮಾತ್ರ ಸಾರಾಂಶ ಅಂತ ಕೊನೆಯವರೆಗೂ ಹೇಳಿಸುತ್ತಾರೆ.

ದಪ್ಪ ಪುಸ್ತಕ ಅಂದರೆ ನನ್ನ ಗೆಳೆಯರು ಹೆದರುತ್ತಾರೆ. ತೇಜಸ್ವಿ ಅವರ 'ಪರಿಸರದ ಕತೆ' ನನಗೆ ಬಹಳ ಇಷ್ಟ. ಗೆಳೆಯನಿಗೆ ಮೊದಲ ಪುಟದಿಂದ ಓದು ಅಂತ ಹೇಳಲಿಲ್ಲ. ಕಿವಿ ಅಂತ ಒಂದು ನಾಯಿ ಇದೆ, ಅದು ಬರುವ ಕಡೆ ಓದು, ಬೇಜಾರಾದರೆ ವಾಪಸ್ ಕೊಡು ಅಂದೆ. ಅವನು ಅಲ್ಲಿಂದ ಶುರು ಮಾಡಿ ಆಮೇಲೆ ಪ್ಯಾರ ಯಾರು, ಮಾರ ಯಾರು ಅಂತ ಹಿಂದೆ ಮುಂದೆ ಎಲ್ಲಾ ಓದಿದ. ನಮ್ಮ ಕಡೆ ಅಂಥ ಕಾಡು ಇಲ್ಲ, ಅಷ್ಟು ಮಳೆಯೂ ಇಲ್ಲ, ಅದಕ್ಕೇ ಓದಲು ಇನ್ನೂ ಚೆಂದ. ಈಗ ಇಬ್ಬರೂ ಚಿಂಚೋಳಿ ಕಾಡಿಗೆ ಹೋಗಬೇಕು ಅಂತ ಮನೆಯಲ್ಲಿ ಕೇಳುತ್ತಿದ್ದೇವೆ.

ಚಿಕ್ಕವರಿಗೆ ನಮ್ಮಂಥ ದೊಡ್ಡ ಕ್ಲಾಸಿನವರಿಂದ ಹೇಳಿಸಿ. ಆದರೆ ನಾವು ಅವರ ವಯಸ್ಸಿನಲ್ಲಿ ಓದಿದ ಪುಸ್ತಕವನ್ನೇ ಹೇಳಿಸಿ.

ಚಿತ್ತಾಪುರ ಟೀಚರ್:

ಎಲ್ಲರಿಗೂ ಮನಸಾರೆ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡಿಯೇ ಹೇಳೋಣ ಅಂತ ಎರಡು ಶನಿವಾರ ಕಾದೆ.

ಬೆಳಗಿನ ಶಾಲೆ ಇದ್ದ ದಿನ ಕೊನೆಯ ಅವಧಿಯಲ್ಲಿ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದೆ. ಇಷ್ಟೇ ಹೇಳಿದೆ: ಒಂದು ಪುಸ್ತಕ ತೆಗೆದುಕೊಳ್ಳಿ, ಯಾರಿಗೆ ಕೊಡಬೇಕು ಅಂತ ಯೋಚಿಸಿ, ಅವರ ಹತ್ತಿರ ಹೋಗಿ ಹೇಳಿ ಕೊಡಿ, ಯಾವ ಮಾತಿನಲ್ಲಾದರೂ ಸರಿ. ಹೇಳಿ ನಾನು ಕಟ್ಟೆಗೆ ಹೋಗಿ ಕುಳಿತೆ. ಮೊದಲ ಶನಿವಾರ ಅರ್ಧ ಮಕ್ಕಳು ಸುಮ್ಮನೆ ನಿಂತಿದ್ದರು. ಎದ್ದು ಹೋಗಿ ಏನಾದರೂ ಹೇಳಬೇಕು ಅನಿಸಿತು, ತಡೆದುಕೊಂಡೆ. ಎರಡನೇ ಶನಿವಾರ ನಿಂತವರು ನಾಲ್ಕೇ ಜನ.

ಕ್ಲಾಸಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಇದ್ದಾನೆ. ಅವನು ಒಂದು ಚಿತ್ರದ ಪುಸ್ತಕ ಹಿಡಿದು ಸೀದಾ ಬಿಸಿಯೂಟದ ಅಡುಗೆಮನೆಗೆ ಹೋದ. ಅಲ್ಲಿ ಅಡುಗೆ ಮಾಡುವ ಅಕ್ಕನ ಮಗಳು, ಇನ್ನೂ ಶಾಲೆಗೆ ಸೇರದ ಮಗು, ಬಾಗಿಲಲ್ಲಿ ಕೂತಿರುತ್ತಾಳೆ. ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಹಾಳೆ ತಿರುವುತ್ತಾ ಹೇಳತೊಡಗಿದ. ಏನು ಹೇಳಿದ ಅಂತ ನನಗೆ ಕೇಳಿಸಲಿಲ್ಲ. ಅವನ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು, ಬಹಳ ಹೊತ್ತು.

ತೊತ್ತೋ-ಚಾನ್‌ಳನ್ನು ಶಾಲೆಗೆ ಸೇರಿಸಿದ ದಿನ ಆ ಹೆಡ್‌ಮಾಸ್ತರರು ಅವಳ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ, ಕಟ್ಟೆಯ ಮೇಲೆ ಕುಳಿತಾಗ ಈ ಸಲ ಬೇರೆಯಾಗಿ ನೆನಪಾಯಿತು.

ಲಕೋಟೆ ಅಂಟಿಸುವ ಕೆಲಸ ಏಳನೇ ಕ್ಲಾಸಿನವರು ವಹಿಸಿಕೊಂಡಿದ್ದಾರೆ, ಮನೆಮನೆಯಿಂದ ಲಗ್ನಪತ್ರಿಕೆ ಬರುತ್ತಿವೆ. ಸೇಡಂ ತಮ್ಮಾ, ನಿನ್ನ ಮಾತನ್ನು ಗೋಡೆಗೆ ಬರೆಸಿದ್ದೇನೆ, "ಒಳ್ಳೆಯ ಜಾಗಕ್ಕೆ ಬಂದು ನಿಲ್ಲಿಸು" ಅಂತ.

ಈಗ ಒಂದು ಸಹಾಯ ಬೇಕು. ರೈಲಿನ ಪುಸ್ತಕಕ್ಕೆ ಒಂಬತ್ತು ಮಕ್ಕಳು ಪಾಳಿ ಹಚ್ಚಿದ್ದಾರೆ, ಇರುವುದು ಒಂದೇ ಪ್ರತಿ. ಕಲಬುರಗಿಯಲ್ಲಿ ಕನ್ನಡದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ, ಈ ಭಾನುವಾರ ಬರುತ್ತೇನೆ.